ಮಲೆನಾಡಿನ ಮಳೆಗಾಲಕ್ಕೆ ಒಗ್ಗುವ ರೆಡಿಮೇಡ್ ಫಾಂಡಂಟ್: ನನ್ನ ಅನುಭವ

ಜುಲೈ ತಿಂಗಳಿನಲ್ಲಿ ತೀರ್ಥಹಳ್ಳಿಯಂಥ ಊರಿನಲ್ಲಿ ಕುಳಿತು ಫಾಂಡಂಟ್ ಕೇಕ್, ಅಂದರೆ ಸಕ್ಕರೆಯ ಮೆತ್ತಗಿನ ಕಣಕವನ್ನು ಲಟ್ಟಿಸಿ ಮೇಲೆ ಹೊದಿಸಿದ ಕೇಕ್, ಮಾಡುವುದು ಆಗುವ ಮಾತಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಬೆಂಗಳೂರಿನ ತರಗತಿಯಲ್ಲಿ ಕಲಿಸಿದವರು, ಶಿವಮೊಗ್ಗದಲ್ಲಿ ಬೇಕಿಂಗ್ ಸಾಮಾನು ಮಾರುವವರು, ನನ್ನಂತೆಯೇ ಮನೆಯಲ್ಲಿ ಕೇಕ್ ಮಾಡುವ ಗೆಳತಿಯರು, ಎಲ್ಲರದೂ ಒಂದೇ ಸಲಹೆ: ಮಳೆ ಮುಗಿಯುವವರೆಗೆ ಕ್ರೀಮ್ ಕೇಕಿನಲ್ಲೇ ಇರು. ಈಗ ಎರಡು ಮಳೆಗಾಲಗಳಿಂದ ನಾನು ಹವೆಯ ಕಾರಣ ಕೊಟ್ಟು ಯಾವ ಫಾಂಡಂಟ್ ಆರ್ಡರನ್ನೂ ವಾಪಸು ಕಳಿಸಿಲ್ಲ. ಹಾಗೆ ಸಲಹೆ ಕೊಟ್ಟ ಗೆಳತಿಯರಲ್ಲೇ ಕೆಲವರು ಇಂದು ಯಾವ ಪ್ಯಾಕೆಟ್ ತರಿಸುತ್ತೀ ಎಂದು ಫೋನ್ ಮಾಡುತ್ತಾರೆ. ಪ್ಯಾಕೆಟ್ಟಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆರಿಸುವ ಬಗೆಯನ್ನು ಬರೆಯುತ್ತೇನೆ, ಏಕೆಂದರೆ ನಿಮ್ಮ ಮನೆಯ ಗಾಳಿಗೆ ಯಾವುದು ಒಗ್ಗುತ್ತದೆ ಎಂಬುದನ್ನು ನಿಮ್ಮ ಅಡುಗೆಮನೆಯೇ ಹೇಳಬೇಕು.

ಮೊದಮೊದಲು ನಾನು ಬೆಲೆ ನೋಡಿ ಕೊಳ್ಳುತ್ತಿದ್ದೆ. ಕಿಲೋಗೆ ಇನ್ನೂರೈವತ್ತು ಮುನ್ನೂರು ರೂಪಾಯಿಯ ಪ್ಯಾಕೆಟ್ ಬೇಸಗೆಯಲ್ಲಿ ತಕ್ಕಮಟ್ಟಿಗೆ ನಡೆಯಿತು. ಮಳೆ ಹಿಡಿದ ಮೇಲೆ ಅದೇ ಪ್ಯಾಕೆಟ್ ಲಟ್ಟಣಿಗೆಗೆ ಮೆತ್ತಿಕೊಂಡು, ಕೇಕಿನ ಮೇಲೆ ಹಾಸಿದ ಒಂದೆರಡು ಗಂಟೆಯಲ್ಲಿ ಬೆವರತೊಡಗಿತು. ಒಂದು ನಾಮಕರಣದ ಎರಡು ಅಂತಸ್ತಿನ ಕೇಕಿನಲ್ಲಿ ಹೊದಿಕೆಯೆಲ್ಲ ಜಾರಿ ಬುಡದಲ್ಲಿ ನೆರಿಗೆಗಟ್ಟಿದ್ದರಿಂದ ಪೂರ್ತಿ ಹಣ ಹಿಂದಿರುಗಿಸಬೇಕಾಯಿತು; ಎರಡೂವರೆ ಸಾವಿರದ ಸುಮಾರು ಎಂದು ನೆನಪು. ಆಮೇಲೆ ದುಬಾರಿಯದೇ ಇರಲಿ ಎಂದು ಕಿಲೋಗೆ ಏಳುನೂರರ ಆಸುಪಾಸಿನ ಆಮದು ಮಾಲು ತರಿಸಿದೆ. ಅದು ಕೈಗೆ ಬೆಣ್ಣೆಯಂತೆ ನಯವಾಗಿತ್ತು, ಆದರೆ ಆ ನಯವೇ ಇಲ್ಲಿ ಅದಕ್ಕೆ ಶತ್ರು. ಒಣಹವೆಯ ಊರಿನಲ್ಲಿ ಬಿರುಕು ಬಿಡದಿರಲೆಂದು ಸೇರಿಸಿದ ಗ್ಲಿಸರಿನ್ ಮತ್ತು ಗ್ಲೂಕೋಸ್ ಸಿರಪ್ ನಮ್ಮ ಗಾಳಿಯಲ್ಲಿರುವ ನೀರನ್ನು ತಾವಾಗಿಯೇ ಎಳೆದುಕೊಳ್ಳುತ್ತವೆ. ಹೀಗೆ ಪ್ಯಾಕೆಟ್ ಮೇಲೆ ಪ್ಯಾಕೆಟ್ ತರಿಸಿ ಎಂಟೊಂಬತ್ತು ಸಾವಿರ ರೂಪಾಯಿ ಹೋದ ಮೇಲೆ, ಬೆಲೆಗೂ ಮಳೆಗಾಲದ ಗುಣಕ್ಕೂ ಸಂಬಂಧವಿಲ್ಲ ಎಂಬುದು ಖಾತ್ರಿಯಾಯಿತು.

ಅಲ್ಲಿಂದ ಮುಂದೆ ನಾನು ಪ್ಯಾಕೆಟ್ಟಿನ ಮುಂಭಾಗವನ್ನು ಬಿಟ್ಟು ಹಿಂಭಾಗವನ್ನು ಓದತೊಡಗಿದೆ. ನಮ್ಮ ಗಿರಾಕಿಗಳಲ್ಲಿ ಬಹುಪಾಲು ಶುದ್ಧ ಸಸ್ಯಾಹಾರಿಗಳಾದ್ದರಿಂದ ಹಸಿರು ಚುಕ್ಕೆ ಇಲ್ಲದ, ಅಂದರೆ ಜೆಲಾಟಿನ್ ಹಾಕಿದ ಮಾಲು ಮೊದಲೇ ಹೊರಗೆ. ಉಳಿದವುಗಳಲ್ಲಿ ಯಾವ ಅಂಟು ಬಳಸಿದ್ದಾರೆ ಎಂಬುದನ್ನು ನೋಡುತ್ತೇನೆ: 413 ಎಂದಿದ್ದರೆ ಟ್ರಾಗಕಾಂತ್, 466 ಎಂದಿದ್ದರೆ ಸಿಎಂಸಿ, 415 ಎಂದಿದ್ದರೆ ಕ್ಸಾಂಥನ್. ಮೊದಲಿನ ಎರಡರಲ್ಲಿ ಒಂದಾದರೂ ಇರುವ ಪ್ಯಾಕೆಟ್ ನನ್ನ ಕೈಯಲ್ಲಿ ಹೆಚ್ಚು ಹೊತ್ತು ನಿಂತಿದೆ. 422 ಎಂದರೆ ಗ್ಲಿಸರಿನ್. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸುವುದು ನಿಯಮವಾದ್ದರಿಂದ, ಗ್ಲಿಸರಿನ್ ಸಸ್ಯಜನ್ಯ ಕೊಬ್ಬಿಗಿಂತ ಮೇಲೆ ಬಂದಿದ್ದರೆ ಅಂಥದ್ದನ್ನು ಚಳಿಗಾಲಕ್ಕೆ ಎತ್ತಿಡುತ್ತೇನೆ. ಜನವರಿಯ ಒಣಗಾಳಿಯಲ್ಲಿ ಅದೇ ಒಳ್ಳೆಯದು.

ಓದಿನಲ್ಲಿ ಪಾಸಾದದ್ದು ರಾತ್ರಿಯ ಪರೀಕ್ಷೆಗೆ ಕೂರಬೇಕು. ನಿಂಬೆಗಾತ್ರದ ಉಂಡೆಯನ್ನು ಮೂರ್ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಸ್ಟೀಲ್ ತಟ್ಟೆಯ ಮೇಲೆ ಮುಚ್ಚದೆ, ಫ್ಯಾನ್ ಹಾಕದೆ, ಮಳೆ ಸುರಿಯುವ ರಾತ್ರಿಯೇ ಅಡುಗೆಮನೆಯಲ್ಲಿ ಬಿಡಬೇಕು. ಗಾಳಿಯ ತೇವವನ್ನು ಅಳೆಯುವ, ನಾನೂರು ರೂಪಾಯಿಯ ಒಂದು ಪುಟ್ಟ ಹೈಗ್ರೋಮೀಟರ್ ಪಕ್ಕದಲ್ಲಿದ್ದರೆ ಲೆಕ್ಕ ಸಿಗುತ್ತದೆ. ನಮ್ಮ ಮನೆಯಲ್ಲಿ ಜುಲೈ ರಾತ್ರಿಗಳಲ್ಲಿ ಅದು ಶೇಕಡಾ 85ರಿಂದ 90ರ ನಡುವೆ ಇರುತ್ತದೆ. ಬೆಳಿಗ್ಗೆ ಮೇಲ್ಮೈ ಹೊಳೆಯುತ್ತಿದ್ದರೆ ಅದು ನೀರು ಕುಡಿದಿದೆ ಎಂದರ್ಥ. ಬೆರಳು ಒತ್ತಿ ತೆಗೆದಾಗ ಅಂಟಿ ದಾರ ಬಂದರೆ ಆ ಪ್ಯಾಕೆಟ್ ಮಳೆಗಾಲಕ್ಕೆ ಬೇಡವೇ ಬೇಡ. ಮಂಕಾಗಿ, ಸ್ವಲ್ಪ ತೇವವೆನಿಸಿದರೂ ಬೆರಳಿಗೆ ಅಂಟದಿದ್ದರೆ ಅದು ನಡೆಯುತ್ತದೆ. ಮರುದಿನ ಅದೇ ಮಾಲನ್ನು ಬೋರಲು ಹಾಕಿದ ಲೋಟದ ಮೇಲೆ ಹಾಸಿ, ಅಂಚಿನಲ್ಲಿ ಸೀಳಿ ಹರಿಯುತ್ತದೆಯೇ, ಆನೆಯ ಚರ್ಮದ ಹಾಗೆ ಸುಕ್ಕು ಬೀಳುತ್ತದೆಯೇ ಎಂದು ನೋಡುತ್ತೇನೆ. ನಾನು ತರಿಸಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ತಟ್ಟೆಯಲ್ಲೇ ಬಿದ್ದುಹೋದವು, ಗೆದ್ದವು ಲೋಟದ ಅಂಚಿನಲ್ಲಿ ಹರಿದವು.

ಎರಡೂ ಪರೀಕ್ಷೆಗಳಲ್ಲಿ ಗೆದ್ದ ಒಂದೇ ಒಂದು ಪ್ಯಾಕೆಟ್ಟೂ ನನಗೆ ಸಿಗಲಿಲ್ಲ. ತಟ್ಟೆಯಲ್ಲಿ ಗೆದ್ದದ್ದು ಬಿಗಿ, ಅಂಚಿನಲ್ಲಿ ಹರಿಯುತ್ತದೆ. ಚೆನ್ನಾಗಿ ಹಾಸಿಕೊಳ್ಳುವುದು ರಾತ್ರಿಯಿಡೀ ಬೆವರುತ್ತದೆ. ಕೊನೆಗೆ ದಾರಿ ತೋರಿದ್ದು ಬೆರಕೆ. ಬಿಗಿಯಾದ ಸ್ವದೇಶಿ ಮಾಲು ಸುಮಾರು ಎರಡು ಪಾಲು, ಮೆತ್ತಗಿನ ಆಮದು ಮಾಲು ಒಂದು ಪಾಲು, ಎರಡನ್ನೂ ಬೇರೆಬೇರೆಯಾಗಿ ನಾದಿದ ಮೇಲೆಯೇ ಕೂಡಿಸಿ, ಕೈಗೆ ಚೂರು ವನಸ್ಪತಿ ಸವರಿಕೊಂಡು ಮತ್ತೆ ನಾದಬೇಕು. ಮಳೆಯ ಜೋರಿಗೆ ತಕ್ಕಂತೆ ಪಾಲು ಅತ್ತಿತ್ತ ಆಗುತ್ತದೆ. ನಾದುವಾಗ ನಾನು ಇನ್ನೊಂದು ಪದಾರ್ಥವನ್ನೂ ಚಿಟಿಕೆಯಷ್ಟು ಸೇರಿಸುತ್ತೇನೆ. ನಿಮ್ಮೆಲ್ಲರ ಕಪಾಟಿನಲ್ಲಿ ಇರುವಂಥದ್ದೇ, ಆದರೆ ಸದ್ಯಕ್ಕೆ ಅದು ನನ್ನಲ್ಲೇ ಇರಲಿ. ಈ ಬೆರಕೆಯ ಹೊದಿಕೆ ಆಗುಂಬೆಯ ಒಂದು ಮದುವೆಗೆ, ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆ ಊರಿಗೆ, ಆಗಸ್ಟಿನಲ್ಲಿ ಹೋಗಿ ಸಂಜೆಯವರೆಗೆ ಸುಕ್ಕಿಲ್ಲದೆ ನಿಂತಿತ್ತು.

ಬಣ್ಣದ ವಿಷಯದಲ್ಲಿ ನನ್ನ ನಿಲುವು ಖಡಾಖಂಡಿತ. ತಿಳಿಬಣ್ಣಗಳನ್ನು ಜೆಲ್ ಕಲರಿನಿಂದ ನಾವೇ ಮಾಡಿಕೊಳ್ಳಬಹುದು, ಆದರೆ ಕೆಂಪು ಮತ್ತು ಕಪ್ಪನ್ನು ಬಣ್ಣ ಕೂಡಿಸಿದ ಪ್ಯಾಕೆಟ್ಟಿನಲ್ಲೇ ಕೊಳ್ಳಬೇಕು. ಬಿಳಿಯದಕ್ಕೆ ಅಷ್ಟು ಕೆಂಪು ತುಂಬಲು ಹೋದರೆ ಜೆಲ್ಲಿನೊಳಗಿನ ದ್ರವವೇ ಅದನ್ನು ಅಂಟು ಮಾಡುತ್ತದೆ, ರುಚಿಯೂ ಕಹಿಯಾಗುತ್ತದೆ. ಕಾಲು ಕಿಲೋದ ಸಣ್ಣ ಪ್ಯಾಕೆಟ್ ದುಬಾರಿ ಎನಿಸಿದರೂ ಕೆಟ್ಟು ಹೋಗುವ ಮಾಲಿನ ಲೆಕ್ಕ ಹಾಕಿದರೆ ಅದೇ ಅಗ್ಗ.

ರಾಸಾಯನಿಕ ಬಣ್ಣ ಬೇಡವೆಂದ ಒಬ್ಬ ಗಿರಾಕಿಗಾಗಿ ಮುರುಗಲು (ಪುನರ್ಪುಳಿ) ಹಣ್ಣಿನ ರಸವನ್ನು ಕುದಿಸಿ ಗಟ್ಟಿಮಾಡಿ ಸೇರಿಸಿ ನೋಡಿದ್ದುಂಟು. ಬಣ್ಣವೇನೋ ಕಣ್ಣು ಕುಕ್ಕುವಂತೆ ಬಂತು, ಆದರೆ ಫಾಂಡಂಟ್ ಪಾಯಸದ ಹದಕ್ಕೆ ಇಳಿಯಿತು, ಹುಳಿಯನ್ನಂತೂ ಕೇಳುವುದೇ ಬೇಡ. ಬೀಟ್‌ರೂಟ್ ಪುಡಿ ವಾಸಿ, ಎರಡು ದಿನದಲ್ಲಿ ಕಂದುಬಣ್ಣಕ್ಕೆ ತಿರುಗುತ್ತದೆ ಅಷ್ಟೆ. ಇನ್ನೊಮ್ಮೆ, ಗಟ್ಟಿಯಾಗಲೆಂದು ಫಾಂಡಂಟಿಗೆ ಸಿಎಂಸಿ ಹಾಕಿ ಮಾಡಿದ ಯಕ್ಷಗಾನದ ಕಿರೀಟ ವಾರವಾದರೂ ಗಟ್ಟಿಯಾಗದಿದ್ದಾಗ, ಅಡಿಕೆ ಒಣಗಿಸುವ ಅಟ್ಟದ ಮೇಲೆ, ಒಲೆಯ ಶಾಖ ತಾಗುವಲ್ಲಿ ಇಟ್ಟೆ. "ಇದೆಂತ ಮಾರಾಯ್ತಿ, ಗೊಂಬೆಗೂ ಹೊಗೆ ಹಾಕ್ತೀಯಾ?" ಎಂದು ಅತ್ತೆ ನಕ್ಕರು. ಒಂದೇ ರಾತ್ರಿಯಲ್ಲಿ ಕಲ್ಲಿನ ಹಾಗೆ ಗಟ್ಟಿಯಾಯಿತು, ಆದರೆ ಹೊಗೆಯ ವಾಸನೆ ಹಿಡಿದು ತಿನ್ನುವಂತಿರಲಿಲ್ಲ. ಆ ಕಿರೀಟ ಈಗಲೂ ನಮ್ಮ ಶೋಕೇಸಿನಲ್ಲಿದೆ. ಈಗ ಕಾಲು ಕಿಲೋಗೆ ಒಂದು ಟೀಚಮಚಕ್ಕಿಂತ ತುಸು ಹೆಚ್ಚು ಸಿಎಂಸಿ ಹಾಕಿ, ಎಸಿಯನ್ನು ಡ್ರೈ ಮೋಡಿನಲ್ಲಿಟ್ಟ ಕೋಣೆಯಲ್ಲಿ ಒಣಗಿಸುತ್ತೇನೆ. ಅಲ್ಲಿ ತೇವ 60ರ ಹತ್ತಿರಕ್ಕೆ ಇಳಿಯುತ್ತದೆ.

ಹೊದಿಕೆಯ ಕೆಳಗೆ ವಿಪ್ಪಿಂಗ್ ಕ್ರೀಮ್ ಇಟ್ಟರೆ ಎಂಥ ಫಾಂಡಂಟ್ ತಂದರೂ ವ್ಯರ್ಥ. ಕ್ರೀಮಿನ ನೀರು ಒಳಗಿನಿಂದ ಸಕ್ಕರೆಯನ್ನು ಕರಗಿಸುತ್ತದೆ. ಅದರ ಬದಲು ಡಾರ್ಕ್ ಕಾಂಪೌಂಡ್ ಚಾಕೊಲೇಟ್ ಎರಡು ಪಾಲಿಗೆ ಕ್ರೀಮ್ ಒಂದು ಪಾಲು, ವೈಟ್ ಆದರೆ ಮೂರಕ್ಕೆ ಒಂದು, ಈ ಗನಾಶ್ ಹಚ್ಚಿ ರಾತ್ರಿ ಬಿಟ್ಟು ಗಟ್ಟಿಯಾದ ಮೇಲೆಯೇ ಹಾಸುವುದು. ಲಟ್ಟಿಸುವಾಗ ಐಸಿಂಗ್ ಶುಗರ್ ಉದುರಿಸುವವರು ಮಳೆಗಾಲದಲ್ಲಾದರೂ ಕಾರ್ನ್‌ಫ್ಲೋರಿಗೆ ಬದಲಾಯಿಸಲಿ.

ಫಾಂಡಂಟ್ ಕೇಕನ್ನು ಫ್ರಿಜ್ಜಿನಲ್ಲಿ ಇಡಲೇಬಾರದು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ದಪ್ಪ ರಟ್ಟಿನ ಪೆಟ್ಟಿಗೆಯೊಳಗೆ ಇಟ್ಟು, ಹೊರಗೆ ತೆಗೆದ ಮೇಲೆ ಎರಡು ಗಂಟೆ ಪೆಟ್ಟಿಗೆಯನ್ನು ತೆರೆಯದೆ ಬಿಟ್ಟರೆ ಹನಿ ಕಟ್ಟುವುದು ರಟ್ಟಿನ ಮೇಲೆಯೇ ಹೊರತು ಕೇಕಿನ ಮೇಲಲ್ಲ. ಕಾರಿನಲ್ಲಿ ಸಾಗಿಸುವಾಗಲೂ ಇದೇ ನಿಯಮ: ಎಸಿ ಹಾಕಿದರೆ ಇಳಿಸುವವರೆಗೂ ಹಾಕಿಯೇ ಇರಬೇಕು, ನಡುವೆ ಕಿಟಕಿ ತೆರೆಯಬಾರದು.

ಈಗಿನ ಲೆಕ್ಕ ಹೇಳುವುದಾದರೆ, ಎಂಟು ಇಂಚಿನ, ನಾಲ್ಕು ಇಂಚು ಎತ್ತರದ ಕೇಕಿಗೆ ಎಂಟುನೂರರಿಂದ ಒಂಬೈನೂರು ಗ್ರಾಂ ಬೆರಕೆ ಬೇಕು. ಅದಕ್ಕೆ ನಾನೂರು ರೂಪಾಯಿಯ ಆಸುಪಾಸು, ಗನಾಶಿಗೆ ಮತ್ತೆ ನಾನೂರು, ಸ್ಪಾಂಜು, ಬೋರ್ಡು, ಪೆಟ್ಟಿಗೆ ಸೇರಿ ಇನ್ನೊಂದು ನಾನೂರು. ಮೂರು ಸಾವಿರದ ಇನ್ನೂರಕ್ಕೆ ಕೊಡುತ್ತೇನೆ. ಶಿವಮೊಗ್ಗದಲ್ಲಿ ಇದಕ್ಕಿಂತ ಕಡಿಮೆಗೆ ಸಿಗುತ್ತದೆ ಎನ್ನುವವರಿಗೆ, ಮಳೆಗಾಲದಲ್ಲಿ ಸಿಗುತ್ತದೆಯೇ ಕೇಳಿ ನೋಡಿ ಎನ್ನುತ್ತೇನೆ. ಅಗ್ಗವೆಂದು ಐದು ಕಿಲೋದ ಡಬ್ಬಿ ಮಾತ್ರ ತರಿಸಬೇಡಿ: ಒಮ್ಮೆ ಸೀಲ್ ಒಡೆದ ಮೇಲೆ ಇಲ್ಲಿ ಎರಡು ಮೂರು ವಾರಗಳಲ್ಲೇ ಅದರ ಹದ ಕೆಡುತ್ತದೆ. ಒಂದು ಕಿಲೋದ್ದನ್ನೇ ತರಿಸಿ, ತೆರೆದ ದಿನವೇ ಕಾಲು ಕಿಲೋದ ಉಂಡೆಗಳಾಗಿಸಿ, ಕ್ಲಿಂಗ್ ಫಿಲ್ಮ್ ಎರಡು ಸುತ್ತು ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಅದರ ಮೇಲೆ ತೆರೆದ ತಾರೀಕು ಬರೆದಿಡಿ. ಜೂನ್ ಹುಟ್ಟುವ ಮೊದಲೇ ತರಿಸಿದರೆ ಸಾಗಣೆಯಲ್ಲಿ ಒದ್ದೆಯಾಗುವ ಗೋಳೂ ತಪ್ಪುತ್ತದೆ.