ಬೆಳಗಿನ ಓಟಕ್ಕೆ ಮುನ್ನ ರಕ್ತಕ್ಕೂ ಸ್ವಲ್ಪ ಸಮಯ ಕೊಡಿ

ನಮ್ಮ ಬಳಗದ ಹಲವರು ನಸುಕಿನಲ್ಲೇ ಎದ್ದು, ಬೂಟಿನ ಲೇಸು ಬಿಗಿದು, ಗೇಟು ದಾಟಿದ ಕೂಡಲೇ ಓಡತೊಡಗುವುದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ.

ಹೃದಯಾಘಾತಗಳು ಬೆಳಿಗ್ಗೆ 6ರಿಂದ ಮಧ್ಯಾಹ್ನ 12ರ ನಡುವೆ ಹೆಚ್ಚಾಗಿ ಸಂಭವಿಸುತ್ತವೆ ಎಂಬುದನ್ನು ಅಮೆರಿಕದ ಸಂಶೋಧಕರು 1985ರಲ್ಲೇ ತೋರಿಸಿದ್ದರು. ಇದರ ಒಂದು ಕಾರಣ ರಕ್ತದಲ್ಲಿಯೇ ಇದೆ. ಹೃದಯದ ರಕ್ತನಾಳವನ್ನು ಮುಚ್ಚಬಲ್ಲ ರಕ್ತದ ಹೆಪ್ಪನ್ನು ಕರಗಿಸಲು ನೆರವಾಗುವ ಟಿಪಿಎ ಎಂಬ ಕಿಣ್ವವನ್ನು ತಡೆಯುವ ಪಿಎಐ-1 ಎಂಬ ಪ್ರೋಟೀನು, ದೇಹದ ಒಳಗಡಿಯಾರಕ್ಕೆ ಅನುಗುಣವಾಗಿ ಮುಂಜಾನೆ ಅತಿ ಹೆಚ್ಚಿನ ಮಟ್ಟದಲ್ಲಿದ್ದು ಸಂಜೆಯ ಹೊತ್ತಿಗೆ ಇಳಿದಿರುತ್ತದೆ. ಸಾಲದೆಂಬಂತೆ, ಹಾಸಿಗೆಯಿಂದ ಎದ್ದು ನಿಂತ ಮೇಲೆ, ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳಾದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುವ ಗುಣವೂ ಹೆಚ್ಚುತ್ತದೆ. ಬಿರುಸಿನ ವ್ಯಾಯಾಮವು ಹೆಪ್ಪುಗಟ್ಟಿಸುವ ಅಂಶಗಳನ್ನೂ ಕರಗಿಸುವ ಅಂಶಗಳನ್ನೂ ಒಟ್ಟಿಗೇ ಏರಿಸುವುದರಿಂದ, ಆ ಹೊತ್ತಿನಲ್ಲಿ ತೂಕ ಯಾವ ಕಡೆಗಿದೆ ಎಂಬುದು ಮುಖ್ಯವಾಗುತ್ತದೆ.

ಹಾಗೆಂದು ಬೆಳಗಿನ ವಾಕಿಂಗ್ ಬಿಡಬೇಕಾಗಿಲ್ಲ, ನಾನಂತೂ ಬಿಟ್ಟಿಲ್ಲ. ವೈದ್ಯಕೀಯ ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡುವ ಹೃದ್ರೋಗಿಗಳಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅಪಾಯದಲ್ಲಿ ಗಣನೀಯ ವ್ಯತ್ಯಾಸ ಕಂಡುಬಂದಿಲ್ಲ. ಎದ್ದ ಮೇಲೆ ಒಂದು ಲೋಟ ನೀರು ಕುಡಿದು, ಸ್ವಲ್ಪ ಹೊತ್ತು ಮನೆಯೊಳಗೇ ಓಡಾಡಿ, ಮೊದಲ 10 ನಿಮಿಷ ಪಕ್ಕದವರೊಡನೆ ಏದುಸಿರಿಲ್ಲದೆ ಮಾತನಾಡುವಷ್ಟು ನಿಧಾನವಾಗಿ ನಡೆಯಿರಿ. ಸ್ಟೆಂಟ್ ಹಾಕಿಸಿಕೊಂಡವರು ಮತ್ತು ಬಿಪಿ, ಸಕ್ಕರೆ ಕಾಯಿಲೆಯಿರುವವರು ಜೋರು ಓಟವನ್ನೂ ಭಾರ ಎತ್ತುವುದನ್ನೂ ಸಂಜೆಗೆ ಇಟ್ಟುಕೊಳ್ಳಬಹುದೇ ಎಂದು ತಮ್ಮ ವೈದ್ಯರನ್ನು ವಿಚಾರಿಸಲಿ. ರಕ್ತ ತೆಳುವಾಗಿಸುವ ಮಾತ್ರೆಯ ವೇಳೆಯನ್ನು ಮಾತ್ರ ಯಾರೂ ತಾವಾಗಿಯೇ ಬದಲಿಸಬಾರದು. ನಡೆಯುವಾಗ ಎದೆ ಬಿಗಿದರೆ ಅಲ್ಲಿಯೇ ಕುಳಿತು 108ಕ್ಕೆ ಕರೆ ಮಾಡಿ.