ಸ್ಲ್ಯಾಬ್ ಹಾಕುವ ಮೊದಲೇ ಕೋಣೆಯ ಬಿಸಿ ಲೆಕ್ಕ ಹಾಕಿದ್ದು

ರಾಯಚೂರಿನಲ್ಲಿ ಮನೆ ಪ್ಲಾನ್ ಹಾಕಿಕೊಡುವುದು ನನ್ನ ಕೆಲಸ. ಏಪ್ರಿಲ್, ಮೇ ಬಂತೆಂದರೆ ಇಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಅಂಥ ಊರಲ್ಲೂ ಮನೆ ಕಟ್ಟಿಸುವವರು ಕೇಳುವುದು ವಾಸ್ತು, ಎಲಿವೇಶನ್, ಟೈಲ್ಸ್ ಬಗ್ಗೆ. ಮೇ ತಿಂಗಳಲ್ಲಿ ರಾತ್ರಿ 10ಕ್ಕೆ ಮೇಲಿನ ಕೋಣೆ ಎಷ್ಟು ಡಿಗ್ರಿ ಇರುತ್ತದೆ ಅಂತ ಕೇಳುವವರು ಕಡಿಮೆ. ನನಗೆ ಆ ಒಂದು ಅಂಕಿಯೇ ಮುಖ್ಯ. ಮಧ್ಯಾಹ್ನದ ಬಿಸಿಲನ್ನು ಜನ ಕೆಳಗಿನ ಮನೆಯಲ್ಲೋ ಗಿಡದ ನೆರಳಲ್ಲೋ ಹೇಗೋ ಕಳೆಯುತ್ತಾರೆ. ಮಲಗುವ ಹೊತ್ತಿಗೆ ಮಾತ್ರ ಆ ಕೋಣೆ ಬಿಟ್ಟರೆ ಬೇರೆ ಜಾಗ ಇರುವುದಿಲ್ಲ.

ಹಾಗಾಗಿ ಆ ಅಂಕಿಯನ್ನು ಸ್ಲ್ಯಾಬ್ ಹಾಕುವ ಮೊದಲೇ ಹೇಳಬೇಕು ಅನ್ನಿಸಿತು. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಾಗಲಿಲ್ಲ, ಎಕ್ಸೆಲ್ ಸಾಕಾಯಿತು.

ಲೆಕ್ಕ ಶುರುವಾಗುವುದು ಛಾವಣಿಯಿಂದ. ರಾಯಚೂರು ಇರುವುದು 16 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ತುಸು ಮೇಲೆ. ಮೇ ಮೊದಲ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗೆ ಸರಿಯಾಗಿ ಬರುತ್ತಾನೆ. ಜನ ದಕ್ಷಿಣದ ಗೋಡೆಗೆ ಹೆದರುತ್ತಾರೆ, ಆದರೆ ಆ ದಿನಗಳಲ್ಲಿ ಅದರ ಮೇಲೆ ಬಿಸಿಲೇ ಬೀಳುವುದಿಲ್ಲ ಅನ್ನಬಹುದು. ಹೊಡೆತವೆಲ್ಲ ಛಾವಣಿಗೆ, ಸಂಜೆ ಮುಂದೆ ಪಡುವಣ ಗೋಡೆಗೆ.

ಒಂದು ಗಂಟೆಯ ಲೆಕ್ಕ ಮಾಡಿ ತೋರಿಸುತ್ತೇನೆ. ಮಧ್ಯಾಹ್ನ 2 ಗಂಟೆ, ಹೊರಗಿನ ಗಾಳಿ 41 ಡಿಗ್ರಿ. ಚದರ ಮೀಟರಿಗೆ ಸುಮಾರು 900 ವ್ಯಾಟ್ ಬಿಸಿಲು. ಬರೀ ಕಾಂಕ್ರೀಟ್ ಅದರಲ್ಲಿ ನೂರಕ್ಕೆ 65 ಪಾಲು ಹೀರುತ್ತದೆ ಅಂದುಕೊಳ್ಳೋಣ. ಅಂದರೆ 585 ವ್ಯಾಟ್. ಛಾವಣಿಯಿಂದ ಗಾಳಿಗೆ ಶಾಖ ಹೋಗುವ ದರ ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 20 ವ್ಯಾಟ್ ಅಂತ ಹಿಡಿದು ಭಾಗಿಸಿದರೆ 29 ಡಿಗ್ರಿ ಬರುತ್ತದೆ. ಬಯಲು ಆಕಾಶದ ಕಡೆ ಹೋಗುವ ಶಾಖಕ್ಕೆ 4 ಕಳೆಯಬೇಕು. 41ಕ್ಕೆ 29 ಕೂಡಿಸಿ 4 ಕಳೆದರೆ 66. ಛಾವಣಿಯ ಮಟ್ಟಿಗೆ ಹೊರಗಿರುವುದು 41 ಅಲ್ಲ, 66 ಡಿಗ್ರಿ! ಅದೇ ಛಾವಣಿಗೆ ಸುಣ್ಣ ಬಳಿದರೆ ಹೀರುವುದು 25 ಪಾಲು, ಲೆಕ್ಕ 48ಕ್ಕೆ ಇಳಿಯುತ್ತದೆ.

ಈಗ 12 ಅಡಿ ಉದ್ದ, 12 ಅಡಿ ಅಗಲದ ಕೋಣೆ ತಗೊಳ್ಳಿ. ಛಾವಣಿ 13 ಚದರ ಮೀಟರ್. 5 ಇಂಚಿನ ಬರೀ ಸ್ಲ್ಯಾಬ್ ಮೂಲಕ ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 3.3 ವ್ಯಾಟ್ ದಾಟುತ್ತದೆ. ಮನೆಗಳಲ್ಲಿ ಇಂಧನ ಉಳಿಸಲು ಕೇಂದ್ರ ಸರ್ಕಾರ ತಂದ ಇಕೋ ನಿವಾಸ್ ಸಂಹಿತೆ 2018 ಹೇಳುವ ಮಿತಿ 1.2, ನಮ್ಮ ಸ್ಲ್ಯಾಬ್‌ಗಳು ಅದರ ಹತ್ತಿರವೂ ಇಲ್ಲ. ಒಳಗೆ 38 ಇದ್ದರೆ ಬರೀ ಸ್ಲ್ಯಾಬ್‌ನಿಂದ ಸುಮಾರು 1,200 ವ್ಯಾಟ್ ಒಳಗೆ ಇಳಿಯುವ ಲೆಕ್ಕ. ಮಲಗುವ ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆ ಹಚ್ಚಿಟ್ಟ ಹಾಗೆ. ಸುಣ್ಣ ಬಳಿದರೆ 430.

ಆದರೆ ಆ ಶಾಖ ಅದೇ ಹೊತ್ತಿಗೆ ಒಳಗೆ ಬರುವುದಿಲ್ಲ. ಮೊದಲು ಸ್ಲ್ಯಾಬ್ ಅದನ್ನು ನುಂಗಿಕೊಳ್ಳುತ್ತದೆ. ಆ ಕೋಣೆಯ ಗಾಳಿಯ ತೂಕ ಸುಮಾರು 47 ಕೆಜಿ, ಮೇಲಿನ ಸ್ಲ್ಯಾಬ್ 3,900 ಕೆಜಿ. ಒಂದು ಡಿಗ್ರಿ ಏರಲು ಗಾಳಿಗೆ ಬೇಕಾದ ಶಾಖದ 70 ಪಟ್ಟಿಗಿಂತ ಜಾಸ್ತಿ ಸ್ಲ್ಯಾಬ್‌ಗೆ ಬೇಕು. ಸಂಜೆ ಕಿಟಕಿ ತೆಗೆದಾಗ ಗಾಳಿ ಬೇಗ ತಣಿಯುತ್ತದೆ, ಸ್ಲ್ಯಾಬ್ ಮಾತ್ರ ತಣಿಯುವುದಿಲ್ಲ. ಅದು ರಾತ್ರಿಯೆಲ್ಲ ಕೆಳಗೆ ಕಾರುತ್ತಲೇ ಇರುತ್ತದೆ. ಅದಕ್ಕೇ ನಾಳೆಯ ಕೋಣೆಯ ಬಿಸಿ ಹೇಳಲು ನಾಳೆಯ ಹವಾಮಾನ ಒಂದೇ ಸಾಲದು, ಇವತ್ತು ನಿನ್ನೆಯದೂ ಬೇಕು. ನಾನು ಹಿಂದಿನ ಕೆಲವು ದಿನಗಳ ಅಂಕಿಗಳಿಂದಲೇ ಶೀಟ್ ಓಡಿಸುತ್ತೇನೆ.

ಶೀಟಿನಲ್ಲಿ ಸ್ಲ್ಯಾಬ್ ಅನ್ನು ಮೂರು ಪದರ ಮಾಡಿದ್ದೇನೆ. ಒಂದೇ ಪದರ ಅಂತ ಹಿಡಿದರೆ ಬಿಸಿ ತಡವಾಗಿ ಇಳಿಯುವುದು ಸರಿಯಾಗಿ ಕಾಣುವುದಿಲ್ಲ. ಪ್ರತಿ ಸಾಲು 10 ನಿಮಿಷಕ್ಕೆ. ಒಂದೊಂದು ಗಂಟೆಗೆ ಒಂದು ಸಾಲು ಇಟ್ಟರೆ ಗಾಳಿಯ ಅಂಕಿ ಮೇಲೆ ಕೆಳಗೆ ಹಾರಾಡುತ್ತದೆ, ಯಾಕೆಂದರೆ ಅಷ್ಟು ಹಗುರ ಗಾಳಿ ಗಂಟೆಯೊಳಗೆ ಎಷ್ಟೋ ಸಲ ಬದಲಾಗಿರುತ್ತದೆ. ಗೋಡೆ, ಕಿಟಕಿ, ಒಳಗಿರುವ ಜನ ಇವೆಲ್ಲ ಸೇರಿಸಬೇಕು. ಸುಮ್ನೆ ಕೂತ ಮನುಷ್ಯನಿಂದ ಸುಮಾರು 100 ವ್ಯಾಟ್. ಫ್ಯಾನ್ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ಹಳೆಯ ನಮೂನೆಯದಾದರೆ ಅದರದ್ದೂ 75 ವ್ಯಾಟ್ ಕೂಡಿಸಿ.

ಲೆಕ್ಕ ನಿಜವೇ ಅಂತ ನೋಡಲು ಪರಿಚಯದವರ ಮನೆಯ ಮೇಲಿನ ಕೋಣೆ ಹಿಡಿದೆ. ಸೆನ್ಸರ್‌ಗಳು ಡಿಎಸ್18ಬಿ20, ಅಗ್ಗದವು. ಮೊದಲು ಐಸ್ ಪುಡಿ ಮಾಡಿ ನೀರಿನಲ್ಲಿ ಕಲಸಿ ಅದರೊಳಗೆ ಮುಳುಗಿಸಿದೆ. ಸೊನ್ನೆಗಿಂತ ಎಷ್ಟು ಆಚೀಚೆ ತೋರಿಸುತ್ತದೋ ಅಷ್ಟನ್ನು ಬರೆದಿಟ್ಟುಕೊಂಡು ಮುಂದೆ ಕಳೆಯಬೇಕು. ಒಂದನ್ನು ಕೋಣೆಯ ನಡುವೆ, ಕೂತವರ ಎದೆಯ ಎತ್ತರಕ್ಕೆ ದಾರದಲ್ಲಿ ಇಳಿಬಿಟ್ಟೆ. ಗೋಡೆಗೆ ಅಂಟಿಸಿದರೆ ಅದು ಗೋಡೆಯ ಬಿಸಿ ಹೇಳುತ್ತದೆ, ಗಾಳಿಯದ್ದಲ್ಲ. ಇನ್ನೊಂದು ಹೊರಗೆ, ನೆರಳಲ್ಲಿ, ತೂತುಗಳಿರುವ ಬಿಳಿ ಡಬ್ಬಿಯಲ್ಲಿ, ನೆಲದಿಂದ ನಾಲ್ಕು ಅಡಿ ಮೇಲೆ.

ಅತಿ ಕಷ್ಟದ ಅಂಕಿ ಎಂದರೆ ಗಾಳಿ ಬದಲಾಗುವುದು, ಅಂದರೆ ಕೋಣೆಯ ಗಾಳಿಯೆಲ್ಲ ಹೊರಗೆ ಹೋಗಿ ಹೊರಗಿನದು ಒಳಗೆ ಬರುವುದು. ಕಿಟಕಿ ಮುಚ್ಚಿದ್ದರೆ ಗಂಟೆಗೆ ಒಂದು ಸಲ ಇರಬಹುದು, ಎರಡೂ ಕಡೆ ತೆಗೆದರೆ ಹತ್ತು ಸಲ ದಾಟಬಹುದು. ಆ ಮನೆಯ ಅಕ್ಕ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನವೂ ಕಿಟಕಿ ತೆಗೆದ ಹೊತ್ತು, ಮುಚ್ಚಿದ ಹೊತ್ತು ಬರೆದಿಟ್ಟರು. ಹಾಲಿನ ಲೆಕ್ಕದ ಪಕ್ಕದಲ್ಲೇ. ಅದು ಸಿಕ್ಕ ಮೇಲೆಯೇ ಲೆಕ್ಕ ಕೂಡಿಬಂತು. ಒಂದಿಷ್ಟು ದಿನಗಳ ಅಳತೆಗೆ ಹೊಂದಿಸಿಕೊಂಡೆ, ಆಮೇಲೆ ಯಾವುದನ್ನೂ ಮುಟ್ಟದೆ ಬೇರೆ ದಿನಗಳ ಅಳತೆಯ ಜೊತೆ ಹೋಲಿಸಿದೆ. ರಾತ್ರಿಯ ಅಂಕಿ ಒಂದು ಡಿಗ್ರಿಯೊಳಗೆ ಬಂತು. ಮಧ್ಯಾಹ್ನದ್ದು ಅಷ್ಟು ನಿಖರವಲ್ಲ, ಬಾಗಿಲು ತೆಗೆದು ಹಾಕಿ ಮಾಡಿದಾಗ ಎರಡು ಡಿಗ್ರಿ ತಪ್ಪುತ್ತದೆ. ನನಗೆ ಬೇಕಾದದ್ದು ರಾತ್ರಿಯದ್ದು.

ಅದೇ ಶೀಟನ್ನು ಹೊಸ ಮನೆಯೊಂದಕ್ಕೆ ಓಡಿಸಿದೆ. ಬರೀ ಸ್ಲ್ಯಾಬ್‌ಗೆ ರಾತ್ರಿ 10ಕ್ಕೆ 37, ಸುಣ್ಣ ಬಳಿದರೆ 34. ಮನೆ ಯಜಮಾನರು ಒಪ್ಪಲಿಲ್ಲ. "ಬರೇ ಸುಣ್ಣಕ್ಕ ಮೂರು ಡಿಗ್ರಿ ಇಳೀತದ ಅಂದ್ರ ನಂಬಾಕ ಆಗವಲ್ದು ಸರ್." ಅವರ ಹಳೇ ಮನೆಯ ತಾರಸಿಗೇ ಹೋದೆವು. ಗೌಂಡಿ ಕೈಯಿಂದ ಅರ್ಧ ಭಾಗಕ್ಕೆ ಎರಡು ಕೋಟು ಸುಣ್ಣ ಹಾಕಿಸಿದೆ. ಮರುದಿನ ಮಧ್ಯಾಹ್ನ ಇನ್ಫ್ರಾರೆಡ್ ಗನ್ ಅವರ ಕೈಗೇ ಕೊಟ್ಟೆ. ಬರೀ ಕಡೆ 60ರ ಆಸುಪಾಸು, ಸುಣ್ಣದ ಕಡೆ 45. ಅವರು ಚಪ್ಪಲಿ ಬಿಟ್ಟು ಸುಣ್ಣದ ಮೇಲೆ ನಿಂತು ನೋಡಿದರು. ಆಮೇಲೆ ಮಾತಿಲ್ಲ, ಒಪ್ಪಿದರು. ಮಳೆಗೆ ತೊಳೆದು ಹೋಗುತ್ತದೆ, ಧೂಳು ಕೂತರೆ ಗುಣ ಇಳಿಯುತ್ತದೆ, ಹಾಗಾಗಿ ಪ್ರತಿ ವರ್ಷ ಶಿವರಾತ್ರಿ ಮುಗಿಯುತ್ತಲೇ ಬಳಿಸಿ ಅಂತ ಹೇಳಿದ್ದೇನೆ.

ನಮ್ಮ ಹಳ್ಳಿಗಳ ಮಣ್ಣಿನ ಮಾಳಿಗೆಯನ್ನೂ ಶೀಟಿಗೆ ಹಾಕಿ ನೋಡಿದೆ, ಒಂದು ಅಡಿ ಮಣ್ಣು ಅಂತ. ಮಧ್ಯಾಹ್ನದ ಬಿಸಿ ಕೆಳಗೆ ತಲುಪುವಷ್ಟರಲ್ಲಿ ರಾತ್ರಿಯಾಗಿರುತ್ತದೆ, ಅಷ್ಟರಲ್ಲಿ ಅದರ ಜೋರೂ ಇಳಿದಿರುತ್ತದೆ. ಹಗಲು ರಾತ್ರಿ ಗೆರೆ ಹೆಚ್ಚುಕಡಿಮೆ ಸಪಾಟು. ಆ ಗೆರೆ ನೋಡಿ ನನಗೆ ನಮ್ಮ ಹಿರಿಯರ ಬಗ್ಗೆ ಹೆಮ್ಮೆಯಾಯಿತು.

ಈಗ ಕೂಲರ್ ಸೇರಿಸಿದ್ದೇನೆ. ಏಪ್ರಿಲ್‌ನ ಒಣ ಮಧ್ಯಾಹ್ನ 41 ಡಿಗ್ರಿ, ಗಾಳಿಯ ತೇವ ನೂರಕ್ಕೆ 20 ಪಾಲು ಇದ್ದರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ 23ರ ಹತ್ತಿರ ನಿಲ್ಲುತ್ತದೆ. ಸಾಧಾರಣ ಕೂಲರ್ ಆ ಅಂತರದ ಮೂರರಲ್ಲಿ ಎರಡು ಪಾಲು ಇಳಿಸಿದರೂ ಬಾಯಲ್ಲಿ 29 ಡಿಗ್ರಿ ಗಾಳಿ ಸಿಗುತ್ತದೆ. ಆದರೆ ಎದುರಿನ ಕಿಟಕಿ ತೆರೆದಿರಬೇಕು. ಮುಚ್ಚಿದರೆ ಅದೇ ತೇವದ ಗಾಳಿ ಮತ್ತೆ ಸುತ್ತುತ್ತದೆ, ಇಳಿಯುವುದು ನಿಲ್ಲುತ್ತದೆ. ಪ್ಲಾನ್ ಹಾಕುವಾಗಲೇ ಈಗ ಕೂಲರ್ ಕಿಟಕಿ ಒಂದು ಗೋಡೆಗೆ, ಗಾಳಿ ಹೊರಹೋಗುವ ಕಿಟಕಿ ಎದುರು ಗೋಡೆಗೆ ಗುರುತು ಮಾಡುತ್ತೇನೆ.