ಕ್ಯೋಟೋದಲ್ಲಿ ಗೈಡ್ ಗೊತ್ತು ಮಾಡೋ ಮುಂಚೆ ಗಾಡಿ ಮಾತು ಮುಗಿಸಿ

ಮಾರ್ಚ್ ಕೊನೆ ಬಂತು ಅಂದರೆ ಟೋಕಿಯೋದಲ್ಲಿ ನಮ್ಮ ನಿಶಿಕಸಾಯ್ ಕಡೆಯ ಕನ್ನಡದ ಮನೆಗಳಿಗೆ ಊರಿಂದ ಅಪ್ಪ ಅಮ್ಮ ಬಂದಿಳಿಯುತ್ತಾರೆ. ಟೋಕಿಯೋ ಎರಡು ದಿನ ನೋಡಿದ ಮೇಲೆ ಎಲ್ಲರದ್ದೂ ಒಂದೇ ಪ್ಲಾನ್. ಶಿಂಕನ್‌ಸೆನ್ ಬುಲೆಟ್ ರೈಲು ಹತ್ತಿ ಕ್ಯೋಟೋಗೆ ಹೋಗೋದು, ಅಲ್ಲಿ ಒಂದು ದಿನಕ್ಕೆ ನಮ್ಮ ಮನೆಯವರಿಗೇ ಅಂತ ಒಬ್ಬ ಗೈಡ್ ಗೊತ್ತು ಮಾಡೋದು. ಪ್ಲಾನ್ ಒಳ್ಳೇದೇ. ಆದರೆ 2019ರಲ್ಲಿ ನಾನು ಮಾಡಿದ ತಪ್ಪನ್ನೇ ಕಳೆದ ವರ್ಷ ನಮ್ಮ ಬಿಲ್ಡಿಂಗ್‌ನ ಎರಡು ಮನೆಯವರು ಮಾಡಿಕೊಂಡು ಬಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಏನಾಯಿತು ಅಂತ ಹೇಳುತ್ತೇನೆ. ನಾವು ನಾಲ್ಕು ಜನ: ಅಪ್ಪ, ಅಮ್ಮ, ನಾವಿಬ್ಬರು. ಎಂಟು ತಾಸಿನ ಗೈಡ್ ಫೀಸು 40 ಸಾವಿರ ಯೆನ್. ಬುಕಿಂಗ್ ಪುಟದಲ್ಲಿ ‘ಪ್ರೈವೇಟ್ ಟೂರ್, ಹೋಟೆಲ್ ಪಿಕಪ್ ಇದೆ’ ಅಂತ ಇತ್ತು. ಹಾಸನದಿಂದ ಬೇಲೂರಿಗೆ ಗಾಡಿ ಮಾಡಿಕೊಂಡು ಹೋಗಿ ಅಭ್ಯಾಸ ಇರುವ ನಮಗೆ ಪಿಕಪ್ ಅಂದರೆ ಬಾಗಿಲಿಗೆ ಕಾರು ಬರೋದು, ಅಲ್ವಾ? ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಒಬ್ಬ ಹಿರಿಯ ಹೆಂಗಸು ಹೋಟೆಲ್ ಲಾಬಿಗೆ ಬಂದರು. ಕೈಯಲ್ಲಿ ಮಡಿಚಿದ ಕೊಡೆ, ಒಂದು ಫೈಲ್, ಅದರ ತುಂಬಾ ಲ್ಯಾಮಿನೇಟ್ ಮಾಡಿದ ಹಳೇ ಚಿತ್ರಗಳು. ಬಾಗಿ ನಮಸ್ಕಾರ ಮಾಡಿದರು. ಅಪ್ಪ ಗಾಜಿನ ಬಾಗಿಲಾಚೆ ನೋಡಿ, ‘ಗಾಡಿ ಎಲ್ಲಿ ನಿಲ್ಸಿದಾರಂತೆ?’ ಅಂದರು. ಗಾಡಿ ಇರಲಿಲ್ಲ. ಆಕೆ ನಡೆದುಕೊಂಡು ಬಂದಿದ್ದರು. ಇಲ್ಲಿ ಪಿಕಪ್ ಅಂದರೆ ಬಹಳಷ್ಟು ಸಲ ಅಷ್ಟೇ: ಗೈಡ್ ನಿಮ್ಮ ಲಾಬಿಗೆ ಬರುತ್ತಾರೆ, ಅಲ್ಲಿಂದ ನಿಮ್ಮ ಜೊತೆ ಬಸ್ಸಿಗೋ ರೈಲಿಗೋ ಹೊರಡುತ್ತಾರೆ.

ಮೊದಲು 205ನೇ ನಂಬರ್ ಸಿಟಿ ಬಸ್ ಹತ್ತಿ ಚಿನ್ನದ ದೇವಸ್ಥಾನ ಕಿಂಕಕುಜಿಗೆ ಹೊರಟೆವು. ಸಕುರಾ (ಚೆರ್ರಿ ಹೂವಿನ) ಸೀಸನ್, ಬಸ್ಸಿನಲ್ಲಿ ಕಾಲಿಡೋಕೆ ಜಾಗ ಇಲ್ಲ. ಮಂಡಿನೋವಿರುವ ಅಮ್ಮ ಮುಕ್ಕಾಲು ಗಂಟೆ ನಿಂತೇ ಬಂದರು. ಇಳಿದ ಮೇಲೆ ಇನ್ನು ಬಸ್ ಬೇಡ, ಟ್ಯಾಕ್ಸಿ ಹಿಡಿಯೋಣ ಅಂದೆ. ಗೈಡ್ ಕೈ ಎತ್ತಿ ಟ್ಯಾಕ್ಸಿ ನಿಲ್ಲಿಸಿದರು. ಡ್ರೈವರ್ ನಮ್ಮನ್ನು ಎಣಿಸಿ ನಾಲ್ಕು ಬೆರಳು ತೋರಿಸಿದ. ಮಾಮೂಲಿ ಟ್ಯಾಕ್ಸಿಯಲ್ಲಿ ನಾಲ್ಕೇ ಜನ. ನಾವು ನಾಲ್ಕು, ಗೈಡ್ ಐದನೆಯವರು. ‘ಅಡ್ಜಸ್ಟ್ ಮಾಡ್ಕೊಳ್ಳಿ’ ಅನ್ನೋ ಮಾತು ಈ ದೇಶದಲ್ಲಿ ನಡೆಯೋದಿಲ್ಲ. ಹಾಗಾಗಿ ಪ್ರತಿ ಸಲವೂ ಎರಡು ಟ್ಯಾಕ್ಸಿ. ಗೈಡ್ ಅಪ್ಪ ಅಮ್ಮನ ಜೊತೆ ಮುಂದಿನದರಲ್ಲಿ, ನಾವಿಬ್ಬರು ಹಿಂದಿನದರಲ್ಲಿ. ಗೈಡ್ ಮಾತು ಅರ್ಧ ಮನೆಗೆ ಮಾತ್ರ ಕೇಳಿಸಿತು, ದುಡ್ಡು ಪೂರ್ತಿ ಹೋಯಿತು. ಸಂಜೆ ಲೆಕ್ಕ ಹಾಕಿದರೆ ಬರೀ ಟ್ಯಾಕ್ಸಿಗೆ 19 ಸಾವಿರ ಯೆನ್. ಗೈಡ್‌ನ ಬಸ್ ಚಾರ್ಜು, ಪ್ರವೇಶ ಟಿಕೆಟ್, ಮಧ್ಯಾಹ್ನದ ಊಟ ಎಲ್ಲ ನಮ್ಮದೇ. ಅದು ಇಲ್ಲಿನ ವಾಡಿಕೆ, ತಪ್ಪಲ್ಲ, ಆದರೆ ಮೊದಲೇ ಗೊತ್ತಿರಬೇಕು.

ದುಡ್ಡಿಗಿಂತ ಹೆಚ್ಚು ಬೇಜಾರಾಗಿದ್ದು ಟೈಮಿನ ವಿಷಯಕ್ಕೆ. ನಿಜೋ ಕೋಟೆಗೆ ಸಂಜೆ ನಾಲ್ಕರ ಮೇಲೆ ಒಳಗೆ ಬಿಡೋದಿಲ್ಲ. ನಾವು ತಲುಪಿದಾಗ ನಾಲ್ಕೂ ಹತ್ತು. 1867ರಲ್ಲಿ ಕೊನೆಯ ಶೋಗನ್ (ದೇಶ ಆಳುತ್ತಿದ್ದ ಸೇನಾಧಿಪತಿ) ತೊಕುಗಾವ ಯೋಶಿನೊಬು ಅಧಿಕಾರ ಬಿಟ್ಟುಕೊಡುವ ನಿರ್ಧಾರ ತಿಳಿಸಿದ್ದು ಆ ಕೋಟೆಯೊಳಗಿನ ಅರಮನೆಯಲ್ಲೇ. ಅಪ್ಪ ಇತಿಹಾಸದ ಮೇಷ್ಟ್ರಾಗಿದ್ದವರು. ಅದೊಂದನ್ನು ನೋಡಬೇಕು ಅಂತ ಊರಿಂದಲೇ ಓದಿಕೊಂಡು ಬಂದಿದ್ದರು. ಮುಚ್ಚಿದ ಗೇಟಿನ ಮುಂದೆ ನಿಂತು, ‘ಇರ್ಲಿ ಬಿಡು’ ಅಂದರು. ಆ ಮಾತು ಇವತ್ತಿಗೂ ನನಗೆ ನೋಯುತ್ತದೆ.

ಗೈಡ್ ನಮಗೆ ಮೋಸ ಮಾಡಲಿಲ್ಲ. ‘ಸಾರಿಗೆ ವೆಚ್ಚ ಸೇರಿಲ್ಲ’ ಅಂತ ಪುಟದ ಕೆಳಗೆ ಒಂದು ಸಾಲು ಇತ್ತು. ಅದನ್ನು ನಾನು ಬಸ್ ಟಿಕೆಟ್ ಅಂದುಕೊಂಡೆ, ಕಾರೇ ಇಲ್ಲ ಅಂತ ಅರ್ಥ ಮಾಡಿಕೊಳ್ಳಲಿಲ್ಲ. ಕಳೆದ ವರ್ಷ ಹೋದ ಎರಡೂ ಮನೆಯವರು ಅದೇ ಸಾಲನ್ನು ಹಾಗೇ ಓದಿಕೊಂಡಿದ್ದರು.

ಹಾಗಾದರೆ ಗೈಡ್ ತಮ್ಮ ಸ್ವಂತ ಕಾರಿನಲ್ಲೇ ಯಾಕೆ ಕರೆದುಕೊಂಡು ಹೋಗಬಾರದು ಅಂತ ಎಲ್ಲರೂ ಕೇಳುತ್ತಾರೆ. ಕಾನೂನು ಬಿಡೋದಿಲ್ಲ. ನಮ್ಮಲ್ಲಿ ಯೆಲ್ಲೋ ಬೋರ್ಡ್, ವೈಟ್ ಬೋರ್ಡ್ ಇದ್ದ ಹಾಗೆ ಇಲ್ಲಿ ಹಸಿರು ಪ್ಲೇಟು, ಬಿಳಿ ಪ್ಲೇಟು. ದುಡ್ಡು ತಗೊಂಡು ಜನರನ್ನು ಕರೆದೊಯ್ಯುವ ಕಾರು, ವ್ಯಾನ್‌ಗೆ ಸಾಮಾನ್ಯವಾಗಿ ಹಸಿರು ಪ್ಲೇಟ್ ಇರಬೇಕು, ಓಡಿಸುವವರ ಹತ್ತಿರ ಅದಕ್ಕೆ ಅಂತಲೇ ಬೇರೆ ಲೈಸೆನ್ಸ್ ಇರಬೇಕು. ಬಿಳಿ ಪ್ಲೇಟಿನ ಸ್ವಂತ ಕಾರಿನಲ್ಲಿ ದುಡ್ಡಿಗೆ ಸುತ್ತಿಸೋದನ್ನು ‘ಶಿರೊತಾಕು’ ಅನ್ನುತ್ತಾರೆ, ಅಂದರೆ ಬಿಳಿ ಟ್ಯಾಕ್ಸಿ. ಪೊಲೀಸರು ಹಿಡಿಯುತ್ತಾರೆ. ಇದು ನನ್ನ ಕಡೆಯಿಂದ ಎಚ್ಚರಿಕೆ: ಯಾರಾದರೂ ‘ಗೈಡ್, ಕಾರು ಎರಡೂ ನಾನೇ, ಕಡಿಮೆಗೆ ಬರ್ತೀನಿ’ ಅಂದರೆ ಮೊದಲು ಪ್ಲೇಟಿನ ಬಣ್ಣ ಕೇಳಿ. ಬಿಳಿ ಅಂದರೆ ಬೇಡ. ಅಪಘಾತವೋ ಪೊಲೀಸ್ ತಪಾಸಣೆಯೋ ಆದರೆ ವೀಸಾ ಮೇಲೆ ಬದುಕುತ್ತಿರುವ ನಮಗೆ, ವಯಸ್ಸಾದ ಅಪ್ಪ ಅಮ್ಮನಿಗೆ ಆ ತಲೆನೋವು ಯಾಕೆ?

ಈಗ ನಾನು ಕೇಳಿದವರಿಗೆಲ್ಲ ಹೇಳೋದು ಇಷ್ಟು. ಮೂರು ಜನ ಇದ್ದರೆ ಗೈಡ್ ಸೇರಿ ನಾಲ್ಕು, ಒಂದು ಟ್ಯಾಕ್ಸಿ ಸಾಕು, ಚಿಂತೆ ಇಲ್ಲ. ನಾಲ್ಕು ಅಥವಾ ಜಾಸ್ತಿ ಜನ, ಅದರಲ್ಲಿ ವಯಸ್ಸಾದವರು ಇದ್ದರೆ, ಗೈಡ್ ಜೊತೆಗೆ ಜಂಬೋ ಟ್ಯಾಕ್ಸಿಯನ್ನು ಗಂಟೆ ಲೆಕ್ಕದಲ್ಲಿ ಬೇರೆಯಾಗಿ ಮಾಡಿಕೊಳ್ಳಿ. ಡ್ರೈವರ್ ಬಿಟ್ಟು ಒಂಬತ್ತು ಜನ ಕೂರಬಹುದು. ಗೈಡ್‌ಗೇ ಕೇಳಿದರೆ ಹೆಚ್ಚಿನವರು ತಮಗೆ ಗೊತ್ತಿರುವ ಕಂಪನಿಯಲ್ಲಿ ಬುಕ್ ಮಾಡಿಕೊಡುತ್ತಾರೆ. ಪಾರ್ಕಿಂಗ್ ಮತ್ತು ಟೋಲ್ ಸೇರಿದೆಯಾ ಅಂತ ಬರೆಸಿಕೊಳ್ಳಿ. ಇನ್ನೊಂದು ದಾರಿ ‘ಕಾಶಿಕಿರಿ’ ಟ್ಯಾಕ್ಸಿ. ಪೂರ್ತಿ ಟ್ಯಾಕ್ಸಿಯನ್ನೇ ಗಂಟೆಗಟ್ಟಲೆ ಹಿಡಿಯೋದು, ಡ್ರೈವರ್ರೇ ಊರು ತೋರಿಸುತ್ತಾರೆ. ಕ್ಯೋಟೋದಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಆದರೆ ಡ್ರೈವರ್‌ಗೆ ಇಂಗ್ಲಿಷ್ ಎಷ್ಟು ಬರುತ್ತದೆ, ದೇವಸ್ಥಾನದ ಒಳಗೆ ಜೊತೆಗೆ ಬರುತ್ತಾರಾ ಅಥವಾ ಕಾರಿನಲ್ಲೇ ಇರುತ್ತಾರಾ, ಎರಡನ್ನೂ ಕೇಳಲೇಬೇಕು. ನಿಮಗೆ ಜಪಾನಿ ಬಂದರೆ ನನ್ನ ಪ್ರಕಾರ ಇದೇ ಒಳ್ಳೆ ಆಯ್ಕೆ. ಅವರು ಹೇಳಿದ್ದನ್ನು ಅಮ್ಮನಿಗೆ ನೀವೇ ಕನ್ನಡದಲ್ಲಿ ಹೇಳಬಹುದು.

ಲೈಸೆನ್ಸ್ ವಿಷಯಕ್ಕೆ ಬರೋಣ. 1949ರ ಕಾನೂನಿನಿಂದ ಶುರುವಾಗಿ ದುಡ್ಡು ತಗೊಂಡು ವಿದೇಶಿಯರಿಗೆ ಅವರ ಭಾಷೆಯಲ್ಲಿ ಊರು ತೋರಿಸೋಕೆ ಪರೀಕ್ಷೆ ಪಾಸಾದವರಿಗೆ ಮಾತ್ರ ಅವಕಾಶ ಇತ್ತು. 2018ರ ಜನವರಿಯಿಂದ ಅದು ಹೋಯಿತು. ಈಗ ಯಾರು ಬೇಕಾದರೂ ಗೈಡ್ ಆಗಬಹುದು. ಆದರೆ ‘ಝೆಂಕೊಕು ತ್ಸೂಯಾಕು ಅನ್ನಾಯ್‌ಶಿ’ (ರಾಷ್ಟ್ರಮಟ್ಟದ ದುಭಾಷಿ ಗೈಡ್) ಅನ್ನೋ ಹೆಸರು ಪರೀಕ್ಷೆ ಪಾಸಾಗಿ ನೋಂದಣಿ ಮಾಡಿಸಿದವರಿಗೆ ಮಾತ್ರ. ಅವರ ಹತ್ತಿರ ಕಾರ್ಡ್ ಇರುತ್ತದೆ, ಕೇಳಿದರೆ ತೋರಿಸುತ್ತಾರೆ, ಏನೂ ತಪ್ಪು ತಿಳಿಯೋದಿಲ್ಲ. ಪರೀಕ್ಷೆಯಲ್ಲಿ ಭಾಷೆಯ ಜೊತೆ ಜಪಾನಿನ ಇತಿಹಾಸ, ಭೂಗೋಳವೂ ಇರುತ್ತದೆ. ಹತ್ತು ಭಾಷೆಗಳಲ್ಲಿ ಪರೀಕ್ಷೆ ನಡೆಯುತ್ತದೆ, ಅದರಲ್ಲಿ ಭಾರತದ್ದು ಒಂದೂ ಇಲ್ಲ. ಹಾಗಾಗಿ ಇಂಗ್ಲಿಷ್ ಗೈಡೇ ಗತಿ. ಕ್ಯೋಟೋ ನಗರ ತಾನೇ ತರಬೇತಿ ಕೊಟ್ಟು ಮಾನ್ಯ ಮಾಡಿದ ‘ಕ್ಯೋಟೋ ವಿಸಿಟರ್ಸ್ ಹೋಸ್ಟ್’ ಗೈಡ್‌ಗಳೂ ಇದ್ದಾರೆ. ಈ ಎರಡರಲ್ಲಿ ಒಂದಾದರೂ ಇರುವವರನ್ನೇ ನಾನು ಹುಡುಕುತ್ತೇನೆ. ಕಾರ್ಡ್ ಇಲ್ಲದವರು ಕೆಟ್ಟವರು ಅಂತಲ್ಲ. ಆದರೆ ಒಂದೇ ದಿನ, ಒಂದೇ ಅವಕಾಶ. ಅಪ್ಪ ಅಮ್ಮ ಪದೇ ಪದೇ ಇಷ್ಟು ದೂರ ಬರೋದಿಲ್ಲ.

ನಮ್ಮೂರಿನ ಪದ್ಧತಿ ಮೇಲಾ, ಇವರದ್ದಾ ಅಂತ ತುಂಬಾ ಯೋಚಿಸಿದ್ದೇನೆ. ಬೇಲೂರಲ್ಲಿ ದೇವಸ್ಥಾನದ ಬಾಗಿಲಲ್ಲೇ ಗೈಡ್ ಸಿಗುತ್ತಾರೆ. ಅವರಿಗೆ ಅದೊಂದೇ ದೇವಸ್ಥಾನ, ಒಂದೊಂದು ಮದನಿಕೆಯ ಬಳೆ ಕೂಡ ಗೊತ್ತು. ಗಂಟೆಯೊಳಗೆ ಮುಗಿಸಿ ನಮ್ಮ ಪಾಡಿಗೆ ನಾವು ಹೊರಡಬಹುದು. ಆ ಪದ್ಧತಿ ನನಗೆ ಇವತ್ತಿಗೂ ಇಷ್ಟ. ಕ್ಯೋಟೋದಲ್ಲಿ ಗೈಡ್ ದಿನವಿಡೀ ಜೊತೆಗಿರುತ್ತಾರೆ. ಕಲ್ಲಿನ ವಿವರ ಅಷ್ಟು ಸಿಗದೆ ಇರಬಹುದು, ಆದರೆ ಒಂದು ಬೀದಿ ಯಾಕೆ ಹಾಗಿದೆ, ಮನೆಗಳ ಮುಂಭಾಗ ಯಾಕೆ ಅಷ್ಟು ಕಿರಿದು ಅಂತ ಹೇಳೋದು ಅವರೇ. ಗಿಯೋನ್‌ನ (ಕ್ಯೋಟೋದ ಹಳೇ ಬಡಾವಣೆ) ಕೆಲವು ಖಾಸಗಿ ಗಲ್ಲಿಗಳಿಗೆ 2024ರಿಂದ ಪ್ರವಾಸಿಗರನ್ನು ಬಿಡುತ್ತಿಲ್ಲ, ಫಲಕದಲ್ಲಿ 10 ಸಾವಿರ ಯೆನ್ ದಂಡ ಅಂತ ಬರೆದಿದ್ದಾರೆ. ಯಾವ ಗಲ್ಲಿಗೆ ಹೋಗಬಹುದು ಅಂತ ಒಳ್ಳೆ ಗೈಡ್‌ಗೆ ಗೊತ್ತಿರುತ್ತದೆ. ಟಿಪ್ಸ್ ವಾಡಿಕೆ ಇಲ್ಲ, ಬಲವಂತ ಮಾಡಬೇಡಿ. ಅದರಲ್ಲಿ ಜಪಾನಿನ ಪದ್ಧತಿಯೇ ಮೇಲು, ಸಂಜೆ ಆ ಮುಜುಗರ ಇರೋದಿಲ್ಲ.

ಊಟದ ವಿಷಯದಲ್ಲಿ ಗೈಡ್‌ಗೆ ಬರೀ ‘ವೆಜಿಟೇರಿಯನ್’ ಅಂತ ಬರೆದರೆ ಸಾಲದು. ಮೀನಿನ ದಾಶಿ (ಅಡುಗೆಗೆ ಹಾಕುವ ತಿಳಿ ರಸ) ಇರಬಾರದು ಅಂತ ಬಿಡಿಸಿ ಬರೆಯಿರಿ. ನಾನ್ಜೆನ್‌ಜಿ ದೇವಸ್ಥಾನದ ಹತ್ತಿರ ಯುದೋಫು ಕೊಡುವ ಹೋಟೆಲ್‌ಗಳಿವೆ. ಬಿಸಿ ನೀರಲ್ಲಿ ಬರೀ ತೋಫು, ನೋಡಿದರೆ ಏನೂ ತೊಂದರೆ ಇಲ್ಲ ಅನಿಸುತ್ತದೆ, ಆದರೆ ಅದ್ದಿಕೊಳ್ಳುವ ಸಾಸ್‌ನಲ್ಲಿ ಕತ್ಸುವೋ ಮೀನಿನ ರಸ ಇರಬಹುದು. ಬೌದ್ಧ ಮಠಗಳ ಶೋಜಿನ್ ಊಟದಲ್ಲಿ ಮೀನು, ಮಾಂಸದ ಜೊತೆಗೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ಅರಾಶಿಯಾಮಾದ ತೆನ್‌ರ್ಯೂಜಿ ದೇವಸ್ಥಾನದ ಒಳಗೆ ಶಿಗೆತ್ಸು ಅಂತ ಇಂಥ ಊಟದ ಜಾಗ ಇದೆ. ಅಮ್ಮ ನೆಮ್ಮದಿಯಾಗಿ ಉಂಡಿದ್ದು ಅಲ್ಲೇ. ಮುಂಚೆಯೇ ಬುಕ್ ಮಾಡಿ.

ಎಷ್ಟು ಜಾಗ ಅನ್ನೋದು ಕೊನೇ ಮಾತು. ಕ್ಯೋಟೋದ ಹೆಚ್ಚಿನ ದೇವಸ್ಥಾನಗಳು ನಾಲ್ಕೂವರೆ, ಐದಕ್ಕೆ ಮುಚ್ಚುತ್ತವೆ. ಫುಶಿಮಿ ಇನಾರಿ ಹಗಲು ರಾತ್ರಿ ತೆರೆದಿರುತ್ತದೆ, ಟಿಕೆಟ್ ಇಲ್ಲ, ಕ್ಯೋಟೋ ಸ್ಟೇಷನ್‌ನಿಂದ ನಾರಾ ಲೈನ್‌ನಲ್ಲಿ ಎರಡನೇ ಸ್ಟಾಪು. ಅದಕ್ಕೆ ಗೈಡ್‌ನ ಸಮಯ ಕೊಡಬೇಡಿ, ಬೆಳಿಗ್ಗೆ ಬೇಗ ನೀವೇ ಹೋಗಿ ಬನ್ನಿ. ನಾಲ್ಕೈದು ಜಾಗ ಬರೆದು ಕಳಿಸಿದರೆ ಗೈಡ್ ‘ಸ್ವಲ್ಪ ಕಷ್ಟ ಆಗಬಹುದು’ ಅಂತ ಉತ್ತರಿಸುತ್ತಾರೆ. ಜಪಾನಿನಲ್ಲಿ ಅದರ ಅರ್ಥ ‘ಆಗೋದಿಲ್ಲ’ ಅಂತ. ಮತ್ತೆ ಒತ್ತಾಯ ಮಾಡಿದರೆ ಸುಮ್ನೆ ಒಪ್ಪಿಕೊಳ್ಳುತ್ತಾರೆ, ಕಷ್ಟಪಡೋದು ನೀವು.

2023ರಲ್ಲಿ ಅಪ್ಪ ಅಮ್ಮ ಮತ್ತೆ ಬಂದಾಗ ಜಂಬೋ ಟ್ಯಾಕ್ಸಿ, ಕಾರ್ಡ್ ಇರುವ ಗೈಡ್, ಮೂರೇ ಜಾಗ. ಬೆಳಿಗ್ಗೆ ಮೊದಲು ನಿಜೋ ಕೋಟೆ. ಅಪ್ಪ ಶೋಗನ್‌ನ ಆ ಕೋಣೆಯ ಮುಂದೆ ಅರ್ಧ ಗಂಟೆ ನಿಂತರು. ಆಮೇಲೆ ಸಂಜುಸಂಗೆಂದೊ ದೇವಸ್ಥಾನ. ಸುಮಾರು 120 ಮೀಟರ್ ಉದ್ದದ ಮರದ ಮಂಟಪ, 1266ರಲ್ಲಿ ಮತ್ತೆ ಕಟ್ಟಿದ್ದು. ಒಳಗೆ ಸಾಲಾಗಿ 1001 ಕನ್ನೊನ್ (ಅವಲೋಕಿತೇಶ್ವರ) ವಿಗ್ರಹಗಳು. ಮಟ್ಟವಾದ ಮರದ ನೆಲ, ಚಪ್ಪಲಿ ಬಿಟ್ಟು ನಿಧಾನವಾಗಿ ನಡೆಯಬಹುದು. ಮಂಡಿನೋವಿನವರಿಗೆ ಕಿಯೋಮಿಜು ದೇವಸ್ಥಾನದ ಏರು ದಾರಿಗಿಂತ ಇದು ಎಷ್ಟೋ ವಾಸಿ. ವಿಗ್ರಹಗಳ ಮುಂದೆ ಕಾವಲಿಗೆ 28 ದೇವತೆಗಳು ನಿಂತಿದ್ದಾರೆ. ಅವರಲ್ಲಿ ಬಹಳ ಜನ ನಮ್ಮ ಕಡೆಯಿಂದಲೇ ಹೋದವರು.

ಅಮ್ಮ ಒಂದು ವಿಗ್ರಹದ ಮುಂದೆ ನಿಂತುಬಿಟ್ಟರು. ಹಕ್ಕಿಯ ಕೊಕ್ಕು, ಬೆನ್ನಿಗೆ ರೆಕ್ಕೆ, ತುಟಿಗೆ ಕೊಳಲು. ಗೈಡ್ ‘ಕರುರಾ’ ಅಂದರು. ಅಮ್ಮ ‘ಗರುಡ’ ಅಂದರು. ಗೈಡ್ ತಮ್ಮ ಫೈಲ್ ತೆಗೆದು ಆ ಹೆಸರನ್ನು ಜಪಾನಿ ಅಕ್ಷರದಲ್ಲಿ ಬರೆದುಕೊಂಡು, ಗರುಡ ನಿಮ್ಮಲ್ಲಿ ಯಾರ ವಾಹನ, ಕೊಳಲು ಊದುತ್ತಾನಾ ಅಂತ ಕೇಳಿದರು. ಅಮ್ಮ ಕನ್ನಡದಲ್ಲಿ ಕಥೆ ಶುರು ಮಾಡಿದರು, ನಾನು ಜಪಾನಿ ಭಾಷೆಗೆ ತಿರುಗಿಸುತ್ತಾ ಹೋದೆ. ಒಂದೂವರೆ ಗಂಟೆ ಅಲ್ಲೇ ಕಳೆಯಿತು. ಹೊರಗೆ ಜಂಬೋ ಟ್ಯಾಕ್ಸಿ ಕಾಯುತ್ತಿತ್ತು. ಮೂರನೇ ಜಾಗ ಬಿಟ್ಟು ನೇರವಾಗಿ ಹೋಟೆಲ್‌ಗೆ ಬಂದೆವು.